ರೇಡಿಯೇಷನ್ ಆದ ಮೇಲೆ ಬಾಯಿ ಒಣಗುತ್ತಿದೆಯಾ? ಹಲ್ಲಿನಿಂದ ಶುರು ಮಾಡಿ

ಮುಂಬೈನ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುತ್ತ ಓಡಾಡಿದರೆ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಕಲಬುರಗಿ, ವಿಜಯಪುರ, ಬೀದರ್, ಬೆಳಗಾವಿ, ಉಡುಪಿ, ಎಲ್ಲ ಕಡೆಯಿಂದ ಬಂದಿರುತ್ತಾರೆ. ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್‌ನವರು ಅದರಲ್ಲಿ ಬಹಳ ಜನ. ಆರೇಳು ವಾರ ರೇಡಿಯೇಷನ್ ಮುಗಿಸಿ, ಅಂತೂ ಆಯಿತಲ್ಲ ಅಂತ ಊರಿನ ರೈಲು ಹತ್ತುತ್ತಾರೆ. ಒಣಗಿದ ಬಾಯಿಯೂ ಅವರ ಜೊತೆಗೇ ಊರಿಗೆ ಹೋಗುತ್ತದೆ. ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕನ್ನಡದಲ್ಲಿ ಕೂತು ಬಿಡಿಸಿ ಹೇಳುವವರು ಆ ಗಡಿಬಿಡಿಯಲ್ಲಿ ಸಿಗುವುದು ಕಷ್ಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಡೊಂಬಿವಲಿಯಲ್ಲಿರುವ ಗೃಹಿಣಿ. ನಮ್ಮ ಭಾವನವರಿಗೆ ಗಂಟಲಿನ ಕ್ಯಾನ್ಸರ್ ಆದಾಗ ಅವರ ಜೊತೆ ಓಡಾಡಿದವಳು. ಆಮೇಲೆ ಊರ ಕಡೆಯವರು ಬಂದರೆ ಹಿಂದಿ, ಮರಾಠಿಯಲ್ಲಿ ಮಾತಾಡಿಕೊಡುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಮಾತ್ರೆ, ಔಷಧಿ ಏನೇ ಇದ್ದರೂ ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಬಾಯಿ ಒಣಗಿದರೆ ಎಲ್ಲರ ಗಮನ ನೀರಿನ ಬಾಟಲಿ ಕಡೆ ಹೋಗುತ್ತದೆ. ಹಲ್ಲಿನ ಕಡೆ ಯಾರೂ ನೋಡುವುದಿಲ್ಲ. ಒಣ ಬಾಯಿ ಕಾಡುತ್ತದೆ, ನಿಜ. ಆದರೆ ದಿನ ಕಳೆದ ಹಾಗೆ ಅದಕ್ಕೆ ಹೊಂದಿಕೊಳ್ಳಬಹುದು. ಹುಳುಕಾಗಿ ಹೋದ ಹಲ್ಲು ಮಾತ್ರ ವಾಪಸ್ ಬರುವುದಿಲ್ಲ. ಅದರಿಂದ ದವಡೆಯ ಮೂಳೆಗೆ ಪೆಟ್ಟು ಬಿದ್ದರೆ ಇನ್ನೂ ದೊಡ್ಡ ಕಷ್ಟ. ಹಾಗಾಗಿ ಈ ಲೇಖನದಲ್ಲಿ ಹಲ್ಲಿನ ಮಾತೇ ಜಾಸ್ತಿ ಇದೆ.

ಜೊಲ್ಲು ಯಾಕೆ ಕಡಿಮೆಯಾಗುತ್ತದೆ

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರ್‌ನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಬರುತ್ತದೆ. ಅದನ್ನು ಮಾಡುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಕೆನ್ನೆಯಲ್ಲಿ ಇರುವುದು ಪ್ಯಾರೋಟಿಡ್. ಊಟದ ಹೊತ್ತಿಗೆ ನೀರಿನಂಥ ತೆಳು ಜೊಲ್ಲು ಅಲ್ಲಿಂದ ಬರುತ್ತದೆ. ಇನ್ನೊಂದು ಜೊತೆ ದವಡೆಯ ಕೆಳಗೆ, ಮತ್ತೊಂದು ನಾಲಿಗೆಯ ಅಡಿಯಲ್ಲಿ. ಸುಮ್ನೆ ಕೂತಾಗ, ಮಲಗಿದಾಗ ಬಾಯಿ ಒದ್ದೆಯಾಗಿರುವುದು ಹೆಚ್ಚಾಗಿ ದವಡೆ ಕೆಳಗಿನ ಗ್ರಂಥಿಗಳಿಂದ.

ಬಾಯಿ, ಗಂಟಲಿಗೆ ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 30ರಿಂದ 35 ಸಲ, ಒಟ್ಟು 60ರಿಂದ 70 ಗ್ರೇ. ಗ್ರೇ ಅಂದರೆ ಕಿರಣದ ಡೋಸ್‌ನ ಅಳತೆ. ಗಡ್ಡೆ ಮತ್ತು ಕುತ್ತಿಗೆಯ ಗಂಟುಗಳ ದಾರಿಯಲ್ಲೇ ಈ ಗ್ರಂಥಿಗಳೂ ಇವೆ. ಅವು ಬಹಳ ಸೂಕ್ಷ್ಮ. ಮೊದಲ ಒಂದೆರಡು ವಾರದಲ್ಲೇ ಜೊಲ್ಲು ಇಳಿಯತೊಡಗುತ್ತದೆ. ಆಮೇಲೆ ಗಟ್ಟಿಯಾಗಿ, ನೂಲು ನೂಲಾಗಿ, ಉಗುಳಿದರೂ ಬಾಯಿ ಬಿಟ್ಟು ಹೋಗದ ಹಾಗೆ ಆಗುತ್ತದೆ. ಇದು ಕಫ ಅಂತ ಕೆಮ್ಮಿನ ಸಿರಪ್ ಕುಡಿಯುವವರನ್ನು ನೋಡಿದ್ದೇನೆ. ಅದು ಕಫ ಅಲ್ಲ. ನೀರಿನಂಶ ಕಡಿಮೆಯಾಗಿ ಉಳಿದ ಜೊಲ್ಲು. ಕೆಲವು ಕೆಮ್ಮು, ನೆಗಡಿಯ ಔಷಧಿಗಳು ಬಾಯನ್ನು ಇನ್ನೂ ಒಣಗಿಸುತ್ತವೆ.

ಮುಂದೆ ಸರಿಹೋಗುತ್ತಾ? ಪ್ಯಾರೋಟಿಡ್‌ಗೆ ಬಿದ್ದ ಸರಾಸರಿ ಡೋಸ್ ಸುಮಾರು 26 ಗ್ರೇಗಿಂತ ಕಡಿಮೆ ಇದ್ದರೆ ಒಂದೆರಡು ವರ್ಷದಲ್ಲಿ ಸಾಕಷ್ಟು ಸುಧಾರಿಸುವ ಆಸೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಬಹಳ ಜಾಸ್ತಿ ಬಿದ್ದಿದ್ದರೆ ಒಣಗುವುದು ಉಳಿದುಕೊಳ್ಳುತ್ತದೆ. ಆರನೇ ತಿಂಗಳಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಎದೆಗುಂದಬೇಡಿ. ಎರಡನೇ ವರ್ಷದಲ್ಲೂ ನಿಧಾನವಾಗಿ ಚೇತರಿಸುವುದುಂಟು.

ಮೊದಲ ಹೆಜ್ಜೆ: ರೇಡಿಯೇಷನ್ ಶುರುವಾಗುವ ಮೊದಲು

ಇದನ್ನು ಓದುತ್ತಿರುವವರ ಮನೆಯಲ್ಲಿ ಚಿಕಿತ್ಸೆ ಇನ್ನೂ ಶುರುವಾಗಿಲ್ಲ ಅಂದರೆ ನಿಮ್ಮ ಕೈಯಲ್ಲಿ ಚಿನ್ನದಂಥ ಸಮಯ ಇದೆ. ಎರಡು ಕೆಲಸ ಮಾಡಿ.

ರೇಡಿಯೇಷನ್ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: "ಒಂದು ಕಡೆಯ ಪ್ಯಾರೋಟಿಡ್ ಆದರೂ ಉಳಿಸಲು ಆಗುತ್ತಾ? ಐಎಂಆರ್‌ಟಿ ಕೊಡುತ್ತೀರಾ?" ಐಎಂಆರ್‌ಟಿಯಲ್ಲಿ ಕಿರಣಗಳನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ, ಗ್ರಂಥಿಗಳಿಗೆ ಆದಷ್ಟು ಕಡಿಮೆ ಬೀಳುವಂತೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಎಂಬ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಬಾಯಿ ಒಣಗುವ ತೊಂದರೆ ಗಣನೀಯವಾಗಿ ಉಳಿದಿದ್ದು ಹಳೆಯ ವಿಧಾನದಲ್ಲಿ ಶೇಕಡ 74 ಜನರಿಗೆ, ಐಎಂಆರ್‌ಟಿಯಲ್ಲಿ ಶೇಕಡ 38 ಜನರಿಗೆ. ಗಡ್ಡೆ ಗ್ರಂಥಿಗೆ ಅಂಟಿಕೊಂಡೇ ಇದ್ದರೆ ಉಳಿಸಲು ಆಗುವುದಿಲ್ಲ. ಕ್ಯಾನ್ಸರ್ ಹೋಗುವುದೇ ಮೊದಲು. ಆದರೂ ಕೇಳಿ. ಕೇಳುವುದರಲ್ಲಿ ಸಂಕೋಚ ಏನಿದೆ ಅಲ್ವಾ?

ಎರಡನೆಯದು ಹಲ್ಲಿನ ಡಾಕ್ಟರ್. ಪೂರ್ತಿ ಬಾಯಿ ನೋಡಿಸಿ, ಓಪಿಜಿ ಎಂಬ ದವಡೆ ಎಕ್ಸ್‌ರೇ ತೆಗೆಸಿ. ಕಿರಣ ಬೀಳುವ ಜಾಗದಲ್ಲಿ ಉಳಿಸಲಾಗದ ಹಲ್ಲು ಇದ್ದರೆ ಈಗಲೇ ಕೀಳಿಸಬೇಕು. ಆ ಗಾಯ ಮಾಯಲು ಕನಿಷ್ಠ ಹತ್ತು ಹದಿನಾಲ್ಕು ದಿನ, ಸಾಧ್ಯವಾದರೆ ಮೂರು ವಾರ ಬೇಕು. ಹಾಗಾಗಿ ರೇಡಿಯೇಷನ್ ತಾರೀಖು ಗೊತ್ತಾದ ದಿನವೇ ದಂತ ವಿಭಾಗಕ್ಕೆ ಓಡಿ. ಮುಂಬೈಯಲ್ಲೇ ಇರುವವರಿಗೆ ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜು ಇವೆ. ಖಾಸಗಿ ಕ್ಲಿನಿಕ್‌ನ ಖರ್ಚು ತಡೆಯದವರು ಅಲ್ಲಿ ವಿಚಾರಿಸಬಹುದು.

ಹಲ್ಲಿನ ಅಚ್ಚು ತೆಗೆಸಿ ಫ್ಲೋರೈಡ್ ಟ್ರೇ, ಅಂದರೆ ಹಲ್ಲಿಗೆ ಫ್ಲೋರೈಡ್ ಜೆಲ್ ಹಿಡಿಸಲು ಹಾಕಿಕೊಳ್ಳುವ ತಟ್ಟೆ, ಮಾಡಿಸಿಕೊಳ್ಳಲು ಇದೇ ಸರಿಯಾದ ಸಮಯ. ಆಮೇಲೆ ಬಾಯಿ ಹುಣ್ಣಾಗಿ, ದವಡೆ ಬಿಗಿದು, ಅಚ್ಚು ತೆಗೆಯುವುದೇ ಕಷ್ಟವಾಗುತ್ತದೆ.

ಎರಡನೇ ಹೆಜ್ಜೆ: ಚಿಕಿತ್ಸೆ ನಡೆಯುವಾಗ

ಇಲ್ಲಿ ಮಾಡಬೇಕಾದ ಮುಖ್ಯ ಕೆಲಸ ಬಾಯಿ ಮುಕ್ಕಳಿಸುವುದು. ಒಂದು ಲೋಟ, ಅಂದರೆ ಸುಮಾರು 240 ಮಿಲಿ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ. ಅಂಗಡಿಯಲ್ಲಿ ನೋಡಿ ತನ್ನಿ. ಎರಡು ಮೂರು ಗಂಟೆಗೊಮ್ಮೆ, ಊಟದ ಮೊದಲು ಮತ್ತು ನಂತರ ಮುಕ್ಕಳಿಸಿ ಉಗುಳಿ. ನುಂಗಬೇಡಿ, ಬಿಪಿ ಇದ್ದವರಂತೂ ನುಂಗಲೇಬಾರದು. ನೂಲು ನೂಲು ಜೊಲ್ಲು ಸಡಿಲವಾಗಲು ಇದಕ್ಕಿಂತ ಅಗ್ಗದ, ಸುಲಭದ ಉಪಾಯ ಇಲ್ಲ. ಮೆಡಿಕಲ್‌ನಲ್ಲಿ ಸಿಗುವ ಉರಿಯುವ ಮೌತ್‌ವಾಶ್ ಬೇಡ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಬಾಯಿ ಇನ್ನೂ ಒಣಗುತ್ತದೆ.

ಬ್ರಷ್ ಬಿಡಬೇಡಿ. ಹುಣ್ಣಿದ್ದರೆ ಅತಿ ಮೆತ್ತನೆಯ ಬ್ರಷ್ ತಂದು, ಬಿಸಿನೀರಲ್ಲಿ ಅದ್ದಿ ಇನ್ನಷ್ಟು ಮೆತ್ತಗೆ ಮಾಡಿಕೊಳ್ಳಿ.

ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವುದೂ ಒಂದು ಹೆಜ್ಜೆಯೇ. ಭಾಷೆ ಬರುವುದಿಲ್ಲ ಅಂತ ನಮ್ಮವರು "ಟೀಕ್ ಹೈ" ಅಂದು ಎದ್ದು ಬಂದುಬಿಡುತ್ತಾರೆ. ಅಲ್ಲಿ ರೇಡಿಯೇಷನ್‌ಗೆ "ಸೇಕಾಯಿ" ಅನ್ನುತ್ತಾರೆ. "ಮುಂಹ್ ಸೂಖತಾ ಹೈ, ಲಾರ್ ಗಾಢೀ ಹೋ ಗಯೀ ಹೈ" ಅಂದರೆ ಬಾಯಿ ಒಣಗುತ್ತೆ, ಜೊಲ್ಲು ಗಟ್ಟಿಯಾಗಿದೆ ಅಂತ. ಮರಾಠಿಯಲ್ಲಿ "ತೋಂಡ ಕೋರಡಂ ಪಡತಂ" ಅಂದರೆ ಸಾಕು. ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಹಲ್ಲು, ಪ್ರತಿ ರಾತ್ರಿ

ಜೊಲ್ಲು ಬರೀ ಒದ್ದೆ ಮಾಡುವ ನೀರಲ್ಲ. ತಿಂದ ಮೇಲೆ ಬಾಯಲ್ಲಿ ಹುಟ್ಟುವ ಆಮ್ಲವನ್ನು ಅದು ತಗ್ಗಿಸುತ್ತದೆ, ಹಲ್ಲಿಗೆ ಕ್ಯಾಲ್ಸಿಯಂ ವಾಪಸ್ ಕೊಡುತ್ತದೆ, ಅಂಟಿದ ಅನ್ನ ಸಕ್ಕರೆಯನ್ನು ತೊಳೆಯುತ್ತದೆ. ಅದು ನಿಂತುಹೋದರೆ ಹುಳುಕು ಬಲು ಬೇಗ ಹರಡುತ್ತದೆ. ಅದೂ ಸಾಮಾನ್ಯವಾಗಿ ಹುಳುಕು ಹಿಡಿಯದ ಜಾಗದಲ್ಲಿ: ವಸಡಿನ ಅಂಚಿಗೆ ಹಲ್ಲಿನ ಸುತ್ತ, ಮುಂಬದಿ ಹಲ್ಲಿನ ತುದಿಯಲ್ಲಿ. ಕೆಲವೇ ತಿಂಗಳಲ್ಲಿ ಹಲ್ಲಿನ ಕುತ್ತಿಗೆ ಸವೆದು ಮೇಲಿನ ಭಾಗ ಮುರಿದು ಬರುವುದೂ ಇದೆ. ಮೊದಮೊದಲು ನೋವೇ ಇರುವುದಿಲ್ಲ. ಅದೇ ಅಪಾಯ.

ಇದಕ್ಕೆ ತಡೆ ಫ್ಲೋರೈಡ್. ನಾವು ದಿನಾ ಬಳಸುವ ಪೇಸ್ಟ್‌ನಲ್ಲಿ ಫ್ಲೋರೈಡ್ ಸುಮಾರು 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ, ಇರುತ್ತದೆ. ಈ ಬಾಯಿಗೆ ಅದು ಸಾಲದು. ಶೇಕಡ 1.1ರ ಸೋಡಿಯಂ ಫ್ಲೋರೈಡ್ ಜೆಲ್ ಅಥವಾ 5000 ಪಿಪಿಎಂ ಪೇಸ್ಟ್ ಬರೆದುಕೊಡಿ ಅಂತ ಹಲ್ಲಿನ ಡಾಕ್ಟರನ್ನು ಕೇಳಿ. ರಾತ್ರಿ ಊಟ, ಮಾತ್ರೆ, ಬ್ರಷ್ ಎಲ್ಲ ಮುಗಿದ ಮೇಲೆ ಟ್ರೇ ಒಳಗೆ ಜೆಲ್‌ನ ತೆಳು ಗೆರೆ ಹಾಕಿ, ಹಲ್ಲಿಗೆ ಕೂರಿಸಿ. ಐದರಿಂದ ಹತ್ತು ನಿಮಿಷ ಬಿಡಿ. ಟ್ರೇ ತೆಗೆದು ಉಗುಳಿ, ಬಾಯಿ ತೊಳೆಯಬೇಡಿ. ಅರ್ಧ ಗಂಟೆ ನೀರೂ ಬೇಡ. ಟ್ರೇ ಇಲ್ಲದವರು ಅದನ್ನೇ ಬ್ರಷ್‌ನಲ್ಲಿ ಹಚ್ಚಿಕೊಂಡು ಮಲಗಬಹುದು. ಕ್ಯಾಪ್ ಹಾಕಿಸಿದ ಹಲ್ಲಿದ್ದರೆ ಆಮ್ಲ ಇರುವ ಜೆಲ್ ಬೇಡ, ನ್ಯೂಟ್ರಲ್ ಜೆಲ್ಲೇ ಬೇಕು ಅಂತ ಹೇಳಿ. ಇದು ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ಬಾಯಿ ಒಣಗಿರುವಷ್ಟು ದಿನ, ಬಹಳ ಜನರಿಗೆ ಜೀವನಪೂರ್ತಿ. ಸಕ್ಕರೆ ಕಾಯಿಲೆಯವರು ದಿನಾ ಮಾತ್ರೆ ನುಂಗುವುದಿಲ್ಲವೇ, ಹಾಗೆ.

ಇನ್ನು ಬಹಳ ಮುಖ್ಯವಾದ ಮಾತು. ಕಿರಣ ಬಿದ್ದ ದವಡೆಯಿಂದ ಹಲ್ಲು ಕೀಳಿಸುವಾಗ ಎಚ್ಚರ. ರೇಡಿಯೇಷನ್ ಆದ ಮೂಳೆಗೆ ರಕ್ತದ ಓಡಾಟ ಕಡಿಮೆ. ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಇದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಅನ್ನುತ್ತಾರೆ. ಕೆಳದವಡೆಗೆ ಈ ಅಪಾಯ ಜಾಸ್ತಿ, ಮತ್ತು ವರ್ಷಗಳು ಕಳೆದರೂ ಅದು ಹೋಗುವುದಿಲ್ಲ. ಊರಲ್ಲಿ ಹಲ್ಲು ನೋವು ಬಂತು ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್‌ಗೆ ಹೋದರೆ, ಕೂತ ತಕ್ಷಣ ಮೊದಲ ಮಾತೇ "ನನಗೆ ಈ ದವಡೆಗೆ ರೇಡಿಯೇಷನ್ ಆಗಿದೆ" ಅಂತಿರಲಿ. ಡಿಸ್ಚಾರ್ಜ್ ಕಾರ್ಡ್ ಮತ್ತು ಎಷ್ಟು ಗ್ರೇ ಕೊಟ್ಟರು ಎನ್ನುವ ಹಾಳೆಯ ಫೋಟೊ ಫೋನಿನಲ್ಲಿ ಇರಲಿ. ಮನೆಯ ಇಬ್ಬರ ಫೋನಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಬೇರು ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಲು ಆಗುತ್ತದಾ ಅಂತ ಮೊದಲು ಕೇಳಿ. ಕೀಳಲೇಬೇಕಾದರೆ ಕ್ಯಾನ್ಸರ್ ಆಸ್ಪತ್ರೆಯ ದಂತ ವಿಭಾಗವನ್ನು ಕೇಳಿಯೇ ಕೀಳಿಸಿ.

ಹಲ್ಲನ್ನು ಕೆಡಿಸುವ ಇನ್ನೊಂದು ಅಭ್ಯಾಸ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಬಾಯಿ ಒಣಗಿತು ಅಂತ ಗಂಟೆಗೊಂದು ಕಟಿಂಗ್ ಚಹಾ, ನಡುವೆ ಒಂದು ಪೆಪ್ಪರ್‌ಮಿಂಟ್, ಬಾಟಲಿಯಲ್ಲಿ ಗ್ಲೂಕೋಸ್ ನೀರು. ಇವೆಲ್ಲ ದಿನವಿಡೀ ಹಲ್ಲಿಗೆ ಸಕ್ಕರೆ ಸವರುವ ಕೆಲಸ. ಬೆಲ್ಲದ ಚಹಾ ಆದರೂ ಅಷ್ಟೇ. ಸಿಹಿ ಬೇಕೆನಿಸಿದರೆ ಊಟದ ಜೊತೆ ಒಮ್ಮೆಲೇ ತಿಂದು ಬಾಯಿ ಮುಕ್ಕಳಿಸಿ. ನಡುವೆ ಸಾದಾ ನೀರು. ಚಪ್ಪರಿಸಲು ಏನಾದರೂ ಬೇಕಾದರೆ ಕ್ಸೈಲಿಟಾಲ್ ಇರುವ ಸಕ್ಕರೆರಹಿತ ಗೋಲಿ ಅಥವಾ ಚ್ಯೂಯಿಂಗ್ ಗಮ್. ಗ್ರಂಥಿಯಲ್ಲಿ ಸ್ವಲ್ಪ ಜೀವ ಉಳಿದಿದ್ದರೆ ಅಗಿಯುವುದರಿಂದ ಜೊಲ್ಲು ಬರುತ್ತದೆ. ನಿಂಬೆ ಹೋಳು, ಹುಣಸೆ ಚೀಪಿದರೂ ಬರುತ್ತದೆ, ಆದರೆ ಹುಳಿ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಬೇಡ.

ಬಾಯಿ ಒದ್ದೆಯಾಗಲಿ ಅಂತ ಸಿಹಿ ಸುಪಾರಿ ಹಾಕಿಕೊಳ್ಳುವವರೂ ಇದ್ದಾರೆ. ತಂಬಾಕು ಇಲ್ಲ ಅಲ್ವಾ, ಏನಾಗುತ್ತೆ ಅನ್ನುತ್ತಾರೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಗುಟ್ಕಾ, ಮಾವಾ, ಈ ಕಡೆ ಹೆಂಗಸರು ಹಲ್ಲಿಗೆ ಉಜ್ಜುವ ತಂಬಾಕಿನ ಮಿಶ್ರಿ, ಯಾವುದೂ ಮತ್ತೆ ಬಾಯಿಗೆ ಹೋಗಬಾರದು. ಇಷ್ಟೆಲ್ಲ ನೋವು ತಿಂದು ಉಳಿಸಿಕೊಂಡ ಬಾಯಿ ಅದು.

ನಾಲ್ಕನೇ ಹೆಜ್ಜೆ: ತಟ್ಟೆ

ಒಣ ಬಾಯಿಯಲ್ಲಿ ಕಟಿ ರೊಟ್ಟಿ ಮುರಿದು ತಿನ್ನಲು ಆಗುವುದಿಲ್ಲ. ಉತ್ತರ ಕರ್ನಾಟಕದವರಿಗೆ ಇದು ದೊಡ್ಡ ಸಂಕಟ. ಬಿಸಿ ಜೋಳದ ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ಚೆನ್ನಾಗಿ ನೆನೆಸಿ, ಮೇಲೆ ತುಪ್ಪ ಹಾಕಿದರೆ ಇಳಿಯುತ್ತದೆ. ಜೋಳದ ನುಚ್ಚು ಮಜ್ಜಿಗೆ ಇನ್ನೂ ಸುಲಭ. ಶೇಂಗಾ ಹಿಂಡಿಯನ್ನು ಒಣದಾಗಿ ತಿನ್ನದೆ ಮೊಸರಿನಲ್ಲಿ ಕಲಸಿಕೊಳ್ಳಿ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಇದ್ದೇ ಇದೆ. ನೀರುದೋಸೆ ತೆಂಗಿನ ಹಾಲಿನಲ್ಲಿ ಮುಳುಗಿಸಿದರೆ ನುಂಗಲು ಹಗುರ. ಖಾರ ಕಡಿಮೆ ಮಾಡಿದ ಮೀನು ಗಸಿಯೂ ಆಗುತ್ತದೆ, ಮುಳ್ಳು ಮಾತ್ರ ಪೂರ್ತಿ ತೆಗೆದಿರಬೇಕು. ಹೆಸರುಬೇಳೆ ಕಿಚಡಿ, ಸಾಂಬಾರಿನಲ್ಲಿ ನೆನೆದ ಇಡ್ಲಿ, ಮೆತ್ತಗೆ ಕಲಕಿದ ಮೊಟ್ಟೆ, ಮೊಸರನ್ನ, ಇವನ್ನು ಸರದಿಯ ಮೇಲೆ ಮಾಡಿ.

ಮುಂಬೈಯಲ್ಲಿ ಕೈಗೆ ಬೇಗ ಸಿಗುವುದು ಪಾವ್. ಅದು ಅಂಗುಳಕ್ಕೆ ಅಂಟಿ ಉಸಿರು ಕಟ್ಟಿಸುತ್ತದೆ. ವಡಾಪಾವ್ ಸದ್ಯಕ್ಕೆ ಮರೆತುಬಿಡಿ. ಕಾಂದಾ ಪೋಹೆಗಿಂತ ಅವಲಕ್ಕಿಯನ್ನು ಹಾಲು ಅಥವಾ ಮೊಸರಲ್ಲಿ ನೆನೆಸಿ ಕೊಡಿ. ಹಾಲು ಕುಡಿದರೆ ಜೊಲ್ಲು ಗಟ್ಟಿಯಾದಂತೆ ಕೆಲವರಿಗೆ ಅನಿಸುತ್ತದೆ. ಅಂಥವರಿಗೆ ತೆಳು ಮಜ್ಜಿಗೆ ಒಗ್ಗುತ್ತದೆ.

ಒಂದು ತುತ್ತು, ಒಂದು ಗುಟುಕು. ಅವಸರ ಬೇಡ. ಮನೆಯವರು ಎದುರಿಗೆ ಕೂತು "ಇನ್ನೂ ಮುಗಿದಿಲ್ವಾ" ಅನ್ನಬಾರದು. ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು ಈಗ ಸಹಜ. ರುಚಿ ಗೊತ್ತಾಗದೆ ತಟ್ಟೆ ಸರಿಸಿದರೆ ಅಡುಗೆ ಮಾಡಿದವರ ಮೇಲಿನ ಸಿಟ್ಟಲ್ಲ ಅದು. ನಾಲಿಗೆಗೆ ರುಚಿ ಮುಟ್ಟಿಸಲೂ ಜೊಲ್ಲೇ ಬೇಕು.

ನುಂಗುವಾಗ ಪ್ರತಿ ಸಲ ಕೆಮ್ಮು ಬಂದರೆ, ಊಟದ ನಂತರ ಧ್ವನಿ ಗೊರಗೊರ ಅಂದರೆ, ಆಹಾರ ಶ್ವಾಸಕೋಶದ ಕಡೆ ಹೋಗುತ್ತಿರಬಹುದು. ನುಂಗುವುದನ್ನು ಪರೀಕ್ಷಿಸಿ ವ್ಯಾಯಾಮ ಹೇಳಿಕೊಡುವ ಥೆರಪಿಸ್ಟ್ ಹತ್ತಿರ ಕಳಿಸಿ ಅಂತ ಡಾಕ್ಟರನ್ನು ಕೇಳಿ.

ರಾತ್ರಿ, ಮತ್ತು ರೈಲು

ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿ ಎಚ್ಚರವಾಗುತ್ತದೆ. ಮಲಗುವ ಮುಂಚೆ ಕೃತಕ ಜೊಲ್ಲಿನ ಜೆಲ್ ಅಥವಾ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ನಾಲಿಗೆ, ಕೆನ್ನೆಯ ಒಳಭಾಗಕ್ಕೆ ಸವರಿ. ಫ್ಲೋರೈಡ್ ಹಚ್ಚಿ ಅರ್ಧ ಗಂಟೆ ಆದ ಮೇಲೆ. ಫ್ಯಾನ್ ಮುಖಕ್ಕೆ ನೇರ ಬೀಸದಿರಲಿ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದರೆ ಮೂಗಿಗೆ ಚಿಕಿತ್ಸೆ ಮಾಡಿಸಿ. ಎಚ್ಚರವಾದಾಗ ಲೋಟಗಟ್ಟಲೆ ಕುಡಿದರೆ ರಾತ್ರಿಯಿಡೀ ಮೂತ್ರಕ್ಕೆ ಏಳಬೇಕಾಗುತ್ತದೆ. ಒಂದು ಗುಟುಕು ಬಾಯಲ್ಲಿ ಆಡಿಸಿದರೆ ಸಾಕು.

ಮುಂಬೈನ ಗಾಳಿಯಲ್ಲಿ ತೇವ ಇದೆ, ಆದರೆ ರೈಲಿನ ಎಸಿ ಡಬ್ಬಿಯ ಗಾಳಿ ಒಣ. ಉದ್ಯಾನ್‌ನಲ್ಲೋ ಸಿದ್ಧೇಶ್ವರದಲ್ಲೋ ಮತ್ಸ್ಯಗಂಧದಲ್ಲೋ ಫಾಲೋಅಪ್‌ಗೆ ಓಡಾಡುವವರು ಒಂದು ಚೀಲ ಬೇರೆಯೇ ಕಟ್ಟಿಟ್ಟುಕೊಳ್ಳಿ: ಎರಡು ಬಾಟಲಿ ನೀರು, ಸೋಡಾ ಉಪ್ಪು ಅಳತೆ ಮಾಡಿ ಕಟ್ಟಿದ ಪುಟ್ಟ ಪೊಟ್ಟಣಗಳು, ಕೃತಕ ಜೊಲ್ಲಿನ ಸ್ಪ್ರೇ, ತುಟಿಗೆ ವ್ಯಾಸಲಿನ್, ಡಬ್ಬಿಯಲ್ಲಿ ಮೊಸರನ್ನ. ರೈಲಿನ ಒಣ ಪುಲಾವ್ ನಂಬಿ ಹೊರಡಬೇಡಿ.

ಸ್ಪ್ರೇ, ಮಾತ್ರೆ

ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಜೊಲ್ಲಿನ ಸ್ಪ್ರೇ, ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತವೆ. ಹಾಯಾಗಿರುವುದು ಸ್ವಲ್ಪ ಹೊತ್ತು ಮಾತ್ರ. ಜನರ ಮುಂದೆ ಮಾತಾಡುವ ಮೊದಲು, ಊಟಕ್ಕೆ ಕೂರುವ ಮೊದಲು ಹಾಕಿಕೊಳ್ಳಲು ಒಳ್ಳೆಯದು.

ಜೊಲ್ಲು ಬರಿಸುವ ಮಾತ್ರೆ ಪೈಲೋಕಾರ್ಪಿನ್. ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಗ್ರಂಥಿ ಸ್ವಲ್ಪವಾದರೂ ಕೆಲಸ ಮಾಡುತ್ತಿದ್ದರೆ ಮಾತ್ರ ಉಪಯೋಗ. ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು ಬೇಕಾಗಬಹುದು. ಬೆವರು ಸುರಿಯುತ್ತದೆ, ಪದೇ ಪದೇ ಮೂತ್ರ ಬರುತ್ತದೆ. ಮುಂಬೈನ ಸೆಕೆಯಲ್ಲಿ ಆ ಬೆವರು ತಡೆಯಲಾರದೆ ಬಿಟ್ಟವರೂ ಇದ್ದಾರೆ. ಅಸ್ತಮಾ, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ಕಾಯಿಲೆ), ಹೃದಯದ ತೊಂದರೆ ಇದ್ದರೆ ಇದು ಅಪಾಯ ತರಬಹುದು. ಪಕ್ಕದ ಮಂಚದವರ ಚೀಟಿ ನೋಡಿ ತಂದು ನುಂಗುವ ಮಾತ್ರೆ ಇದಲ್ಲ.

ಈಗಾಗಲೇ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ. ಅಲರ್ಜಿ ಮಾತ್ರೆ, ನರದ ನೋವಿಗೆ ಅಥವಾ ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರಕೋಶದ ಕೆಲವು ಮಾತ್ರೆಗಳು ಬಾಯನ್ನು ಇನ್ನಷ್ಟು ಒಣಗಿಸುತ್ತವೆ. ಬದಲಿ ಇದ್ದರೆ ಬರೆದುಕೊಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಥೈರಾಯ್ಡ್ ಕಡಿಮೆಯಾಗುವುದೂ ಇದೆ. ಸುಸ್ತು ಜಾಸ್ತಿ ಇದ್ದರೆ ಅದಕ್ಕೂ ಕಣ್ಣಿಡಿ. ಸುಸ್ತು ಇರಲಿ ಬಿಡಲಿ, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ.

ಮುಂದಿನ ತಾರೀಖಿನ ತನಕ ಕಾಯಬಾರದ್ದು

ಹಲ್ಲಿನ ತಪಾಸಣೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಇರಲಿ. ಕ್ಯಾನ್ಸರ್ ಫಾಲೋಅಪ್ ದಿನವೇ ದಂತ ವಿಭಾಗದ ತಾರೀಖನ್ನೂ ಕೇಳಿ ಪಡೆದರೆ ಇನ್ನೊಂದು ಸಲ ರೈಲು ಹತ್ತುವುದು ತಪ್ಪುತ್ತದೆ. ಆದರೆ ಕೆಲವಕ್ಕೆ ತಾರೀಖು ನೋಡುತ್ತಾ ಕೂರಬೇಡಿ.

ನಾಲಿಗೆ ಅಥವಾ ಕೆನ್ನೆಯಲ್ಲಿ ಬಿಳಿ ಪದರ, ಕೆಂಪು ಉರಿ ಬಂದರೆ ಅದು ಫಂಗಸ್ ಇರಬಹುದು. ಒಣ ಬಾಯಿಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಔಷಧಿಗೆ ಬೇಗ ಬಗ್ಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತೊಳೆದಿಡಿ. ವಸಡಿನ ಅಂಚಿನಲ್ಲಿ ಹಲ್ಲು ಕಂದು ಅಥವಾ ಕಪ್ಪಾಗಿ ಕಂಡರೆ ಆ ವಾರವೇ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಬಾಯಿ ಮೂರು ಬೆರಳಿನಷ್ಟು ತೆರೆಯುತ್ತಿದ್ದದ್ದು ಈಗ ಎರಡಕ್ಕೆ ಇಳಿದಿದ್ದರೆ ದವಡೆಯ ವ್ಯಾಯಾಮ ಕೇಳಿ ಕಲಿಯಿರಿ. ತಡ ಮಾಡಿದಷ್ಟೂ ಬಿಗಿಯುತ್ತದೆ.

ದವಡೆಯಲ್ಲಿ ಮೂಳೆ ಹೊರಗೆ ಕಂಡರೆ, ಕೀವು ಬಂದರೆ, ಎರಡು ವಾರಕ್ಕೂ ಮಾಯದ ಹುಣ್ಣು ಇದ್ದರೆ, ಕುತ್ತಿಗೆಯಲ್ಲಿ ಹೊಸ ಗಂಟು ಸಿಕ್ಕರೆ, ಊಟ ಸೇರದೆ ತೂಕ ಇಳಿಯುತ್ತಲೇ ಇದ್ದರೆ, ಫೈಲ್ ಹಿಡಿದು ಅದೇ ಆಸ್ಪತ್ರೆಗೆ ಹೊರಡಿ. ಟಿಕೆಟ್ ಸಿಗಲಿಲ್ಲ ಅಂದರೆ ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಅವರು ಬರೆದ ಚೀಟಿಯನ್ನು ಅದೇ ಫೈಲಿಗೆ ಸೇರಿಸಿಕೊಂಡು ಮುಂದಿನ ರೈಲಿಗೆ ಬನ್ನಿ.